ನನಗೆ ಬಿದ್ದ ಮೊದಲ ಚಪ್ಪಾಳೆ

ಗೆಳೆಯರೇ, ಹದಿನೆಂಟು ವರ್ಷಗಳಿಂದ ಸಿಂದಗಿಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೇನೆ. ಮಕ್ಕಳು ನನಗೆ ಒಮ್ಮೆಯೂ ಚಪ್ಪಾಳೆ ತಟ್ಟಿರಲಿಲ್ಲ. ಇಂದು ಶಬಾನಾಗೆ ತಟ್ಟಿದರು. ಹೊರ್ತಿಯ ಈ ಹುಡುಗಿ ನನ್ನದೇ ಹಳೆಯ ವಿದ್ಯಾರ್ಥಿನಿ. ಈ ತಿಂಗಳಷ್ಟೇ ನಮ್ಮ ಕಾಲೇಜಿಗೆ ಪಾಠ ಹೇಳಲು ಸೇರಿದ್ದಾಳೆ. ದಶಮಾಂಶ ಸಂಖ್ಯೆಯನ್ನು ಹದಿನಾರರ ಲೆಕ್ಕದ ಹೆಕ್ಸಾಡೆಸಿಮಲ್‌ಗೆ ಬದಲಿಸುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದಿದ್ದಳು. ಸಂಖ್ಯೆ ಕೊಟ್ಟು ಎಂಟರ್ ಒತ್ತಿದರೆ ಸಾಕು, ಉತ್ತರ ಸಿದ್ಧ.

ನನಗೆ ತಡೆಯಲಾಗಲಿಲ್ಲ. "ಐನೂರು ಹಾಕವ್ವಾ, ನೋಡೂಣು" ಎಂದು ಬೋರ್ಡಿನ ಮುಂದೆ ನಿಂತೆ. ಹದಿನಾರರಿಂದ ಭಾಗಿಸುತ್ತ, ಶೇಷಗಳನ್ನು ಒಂದರ ಕೆಳಗೊಂದು, ಹದಿನೈದು ಬಂದಲ್ಲಿ F ಎಂದು ಬರೆದು, 4F1 ಎಂದು ಓದಿದೆ. ಪರದೆಯ ಮೇಲೆ 1F4 ಇತ್ತು.

"ನಿನ್ನ ಸ್ಕ್ರಿಪ್ಟ್ ತಪ್ಪೈತಿ" ಎಂದೆ, ಬಹಳ ಖುಷಿಯಿಂದ.

"ಸರ್, ಕೆಳಗಿಂದ ಮ್ಯಾಲಕ್ಕ ಓದಬೇಕ್ರಿ! ನೀವೇ ಕಲಿಸೀರಿ" ಎಂದಳು ಮುಂದಿನ ಬೆಂಚಿನ ಹುಡುಗಿ. ನಾನು ಮೇಲಿನಿಂದ ಓದಿದ್ದೆ.

ಶಬಾನಾ ತಟ್ಟನೆ ಮಕ್ಕಳ ಕಡೆ ತಿರುಗಿ, "ಸರ್ ಬೇಕಂತನ ತಪ್ಪು ಓದ್ಯಾರ. ನೀವು ಹಿಡೀತೀರೇನಂತ ನೋಡಾಕತ್ತಿದ್ರು" ಎಂದಳು.

"ಹೌದ್ಹೌದು" ಎಂದೆ. ಮತ್ತೆ ಚಪ್ಪಾಳೆ ಬಿತ್ತು, ಈ ಸಲ ನನಗೆ. ಅದನ್ನೂ ಅವಳೇ ಕೊಡಿಸಿದಳಲ್ಲ ಎಂದು ಆಗಿನಿಂದ ಹೊಟ್ಟೆ ಉರಿಯುತ್ತಿದೆ.