ದೊಡ್ಡಪ್ಪನ ಚಾನ್ಸು

ಕೈಗೆತ್ತಿಕೊಂಡು ನಾನು ಮೊದಲು ಮಾಡಿದ ಕೆಲಸ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದು. ಒಳಗೆ ಏನೋ ಲೊಡಲೊಡ ಎಂದಿತು. ದೊಡ್ಡಮ್ಮ ತೀರಿಕೊಂಡ ಮೇಲೆ ಅವರ ಟ್ರಂಕು ತೆಗೆದು ಸೀರೆಗಳನ್ನು ಬಿಸಿಲಿಗೆ ಹಾಕುತ್ತಿದ್ದೆ. ಧಾರೆ ಸೀರೆಯ ಮಡಿಕೆಯೊಳಗೆ, ನುಸಿಗುಳಿಗೆಯ ವಾಸನೆ ಹೊಡೆಯುತ್ತಾ, ಹಳದಿ ಪ್ಲಾಸ್ಟಿಕ್ಕಿನ ಆ ವಿಡಿಯೋ ಗೇಮ್ ಕ್ಯಾಸೆಟ್ಟು ಮಲಗಿತ್ತು. ಟಿವಿಗೆ ವೈರು ಸಿಕ್ಕಿಸಿ ಆಡಿದ ಕಾಲದವರು ನೀವಾಗಿದ್ದರೆ ನಿಮಗೆ ಗೊತ್ತಿರುತ್ತದೆ, ಆಟ ಶುರುವಾಗದಿದ್ದರೆ ಲೋಕದ ಮಕ್ಕಳೆಲ್ಲ ಕ್ಯಾಸೆಟ್ಟಿನ ಬಾಯಿಗೆ ಊದುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದೆವು. ಈ ಕ್ಯಾಸೆಟ್ಟು ಆ ದಿನಗಳಲ್ಲಿ ಒಮ್ಮೆಯೂ ಸದ್ದು ಮಾಡಿದ್ದಿಲ್ಲ. ಅದಕ್ಕೇ ಈಗ ಲೊಡಲೊಡ ಎಂದಾಗ ನಾನು ಸೀರೆಗಳ ಮಧ್ಯೆ ಹಾಗೇ ಕೂತುಬಿಟ್ಟೆ.

ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಮುಂದೆ ಮಂಡಿ, ಹಿಂದೆ ಮನೆ, ಎರಡಕ್ಕೂ ಸೇರಿ ಮೇಲೊಂದು ಅಟ್ಟ. ಕಣಕಟ್ಟೆ ಕಡೆಯ ತೋಟಗಳಿಂದ ಗಾಡಿಗಟ್ಟಲೆ ಬಂದ ತೆಂಗಿನಕಾಯಿ ಆ ಅಟ್ಟ ಸೇರಿದರೆ, ಹೆಚ್ಚುಕಮ್ಮಿ ಒಂದು ವರ್ಷ ಯಾರೂ ಅದರ ತಂಟೆಗೆ ಹೋಗುವಂತಿರಲಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ತಾನಾಗಿ ಚಿಪ್ಪು ಬಿಡಬೇಕು. ಬಿಟ್ಟಿತೋ ಇಲ್ಲವೋ ತಿಳಿಯಲು ಒಂದೇ ಉಪಾಯ: ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುವುದು. ಒಳಗೆ ಉಂಡೆ ಕೊಬ್ಬರಿ ಲೊಡಲೊಡ ಎಂದರೆ ಒಣಗಿದೆ, ಇಲ್ಲದಿದ್ದರೆ ಇಲ್ಲ. ನಮ್ಮ ಮನೆಯ ಕೂಸುಗಳಿಗೆ ಗಿಲಕಿ ಕೊಟ್ಟರೆ ಅವೂ ಅದನ್ನು ಕಿವಿಗೇ ಒಯ್ಯುತ್ತಿದ್ದವು ಎಂದು ಅಮ್ಮ ತಮಾಷೆ ಮಾಡುತ್ತಿದ್ದರು. ಮಳೆಗಾಲದಲ್ಲಿ ಅಟ್ಟದಿಂದ ಎಣ್ಣೆ, ನಾರು, ದೂಳು ಬೆರೆತ ಒಂದು ಬೆಚ್ಚನೆ ವಾಸನೆ ಇಳಿದು ಬಂದು ನಮ್ಮ ಸ್ಕೂಲ್ ಯೂನಿಫಾರಮ್ಮಿಗೂ ಅಂಟುತ್ತಿತ್ತು. ಕ್ಲಾಸಿನಲ್ಲಿ ನನ್ನನ್ನು ಕೊಬ್ಬರಿ ಎಂದೇ ಕರೆಯುತ್ತಿದ್ದರು, ನನಗೇನೂ ಬೇಸರವಿರಲಿಲ್ಲ.

ಆ ಮನೆಯ ಯಜಮಾನರು ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ. ಅವರದು ಮಂಡಿಯ ಗಂಟಲು. ಬಾಗಿಲಲ್ಲಿ ನಿಂತು ಒಂದು ಮಾತಾಡಿದರೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ದೊಡ್ಡಮ್ಮ ಅಲ್ಲಿಂದಲೇ ಉತ್ತರ ಕೊಡುತ್ತಿದ್ದರು. ಅವರ ಮಗ ಪರಮೇಶಣ್ಣ ಹಾಸನದಲ್ಲಿ ಡಿಪ್ಲೊಮಾ ಓದುವಾಗ ಒಂದು ಟಿವಿ ಗೇಮನ್ನೂ ಒಂದು ಚೀಲ ಹಳೆಯ ಕ್ಯಾಸೆಟ್ಟುಗಳನ್ನೂ ತಂದ. ಎಲ್ಲದರಲ್ಲೂ ಯಾರೋ ಒಬ್ಬ ಹಾರುತ್ತಿದ್ದ, ಇಲ್ಲವೇ ಗುಂಡು ಹೊಡೆಯುತ್ತಿದ್ದ. ಈ ಹಳದಿಯದು ಮಾತ್ರ ವಿಚಿತ್ರ. ಹಾಕಿದರೆ ಹಸಿರು ಮೈದಾನ, ಅದರ ತುಂಬ ಚೌಕ, ಚೌಕಗಳ ಮೇಲೆ ಗೊಂಬೆಯಂಥ ಸೈನಿಕರು, ಕೆಳಗೆ ಜಪಾನಿನದೋ ಚೀನಾದ್ದೋ ಎಂದು ಯಾರಿಗೂ ತಿಳಿಯದ ಅಕ್ಷರ. ಯಾರೂ ಅಲ್ಲಾಡರು, ಯಾರೂ ಗುಂಡು ಹೊಡೆಯರು. ನಾವು ಕಾದೇ ಕಾದೆವು, ಅವರೂ ನಮ್ಮನ್ನು ನೋಡುತ್ತಾ ನಿಂತೇ ಇದ್ದರು. "ಕೆಟ್ಟೋಗಿದೆ ಕಣೇ ಇದು, ಟೋಪಿ ಹಾಕ್ದ ಅಂಗಡಿಯವ್ನು" ಎಂದು ಪರಮೇಶಣ್ಣ ಕಿತ್ತು ಪಕ್ಕಕ್ಕಿಟ್ಟ. ಊಟಕ್ಕೆ ಒಳಗೆ ಬಂದ ದೊಡ್ಡಪ್ಪ ಅದನ್ನೆತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದರು. ಏನೂ ಕೇಳಲಿಲ್ಲ. "ಕೆಟ್ಟಿಲ್ಲ ಕಣ್ಲಾ, ಇನ್ನೂ ಒಣಗಿಲ್ಲ. ಇಟ್ಟಿರು" ಎಂದು ಗಂಭೀರವಾಗಿ ಹೇಳಿ ಕೈ ತೊಳೆಯಲು ಹೋದರು. ನಾವು ಬಿದ್ದು ಬಿದ್ದು ನಕ್ಕೆವು.

ಅದು ಕೆಟ್ಟಿರಲಿಲ್ಲ, ನಮಗಾಗಿ ಕಾಯುತ್ತಿತ್ತು. ಬೇಸಿಗೆ ರಜೆಯಲ್ಲಿ ಅದರ ಗುಟ್ಟು ಗೊತ್ತಾಯಿತು. ಮೊದಲು ನಮ್ಮ ಕಡೆಯವರು ಒಬ್ಬೊಬ್ಬರಾಗಿ ನಡೆಯಬೇಕು, ಎಲ್ಲರದೂ ಆದ ಮೇಲೆ ಶತ್ರುವಿನ ಚಾನ್ಸು. ಅವರದು ಮುಗಿದರೆ ಮತ್ತೆ ನಮ್ಮದು. ಒಬ್ಬನಿಗೆ ಬಿಲ್ಲು, ಒಬ್ಬನಿಗೆ ಕುದುರೆ, ಒಬ್ಬಳ ಕೈಯಲ್ಲಿ ಗಾಯ ಮಾಯಿಸುವ ಕೋಲು. ಹೊಡೆದಾಡಿದಷ್ಟೂ ಅವರು ಗಟ್ಟಿಯಾಗುತ್ತಾ ಹೋಗುತ್ತಿದ್ದರು, ಮೊದಲು ಕತ್ತಿ ಎತ್ತಲಾರದೆ ಇದ್ದವನು ಆಮೇಲೆ ಸೇತುವೆಯನ್ನು ಒಬ್ಬನೇ ಕಾಯುತ್ತಿದ್ದ. ಹೆಸರು ಓದಲು ಬಾರದ್ದರಿಂದ ನಾವೇ ಹೆಸರಿಟ್ಟೆವು. ಕೋಲಿನವಳು ದೊಡ್ಡಮ್ಮ, ಯಾಕೆಂದರೆ ಯಾರು ಕೆಮ್ಮಿದರೂ ಕಷಾಯ ಹಿಡಿದು ಓಡಿಬರುವವರು ಅವರೇ. ಕುದುರೆಯವನು ಅಪ್ಪ, ಅವರದೊಂದು ಮೊಪೆಡ್ ಇತ್ತು. ಎಲ್ಲರ ಜೇಬಿಗೂ ಕೈಹಾಕುವ ಚುರುಕು ಕಳ್ಳ ಪರಮೇಶಣ್ಣ. ಮೈತುಂಬ ಕಬ್ಬಿಣ ತೊಟ್ಟು ನಿಧಾನವಾಗಿ ನಡೆಯುವ, ಎಷ್ಟು ಹೊಡೆದರೂ ಬೀಳದ ದಢೂತಿ ಆಸಾಮಿ ದೊಡ್ಡಪ್ಪ. ದೊಡ್ಡಮ್ಮನ ತವರು ಹಳೇಬೀಡು. ಅವರು ಒಂದು ಸಲ ಅಕ್ಕಿ ಆರಿಸುತ್ತಾ ಪರದೆ ನೋಡಿ, "ಇವ್ರೆಲ್ಲ ನಮ್ಮೂರ್ ಗುಡಿ ಗೋಡೆ ಮ್ಯಾಗೆ ಸಾಲಾಗಿ ನಿಂತವ್ರಲ್ಲ, ಅವ್ರೇ ಕಣೇ. ಆನೆ ಒಂದ್ ಕಾಣಿಸ್ತಿಲ್ಲ ಅಷ್ಟೇ" ಎಂದರು. ಮುಂದಿನ ಸಲ ಅವರ ತವರಿಗೆ ಹೋದಾಗ ನಾನು ದೇವಸ್ಥಾನದ ಗೋಡೆಗೆ ಮೂಗು ತಾಗಿಸಿ ಕುದುರೆ ಸಾಲಿನಲ್ಲಿ ಅಪ್ಪನನ್ನು ಹುಡುಕಿದ್ದೇ ಹುಡುಕಿದ್ದು.

ಆ ಆಟದಲ್ಲಿ ಒಂದು ಕ್ರೂರ ಕಾನೂನಿತ್ತು. ಸತ್ತವರು ಸತ್ತಂತೆಯೇ, ಮುಂದಿನ ಯುದ್ಧದಲ್ಲಿ ಅವರ ಜಾಗ ಖಾಲಿ. ಯುದ್ಧದ ನಡುವೆ ಸ್ವಿಚ್ಚು ಆರಿಸಿದರೆ ಮಾತ್ರ ಅದು ನಡೆದೇ ಇಲ್ಲವೆಂಬಂತೆ ಮೊದಲಿನಿಂದ ಶುರುವಾಗುತ್ತಿತ್ತು. ಮುಗಿದ ಯುದ್ಧಗಳ ನೆನಪಿಟ್ಟುಕೊಳ್ಳಲು ಕ್ಯಾಸೆಟ್ಟಿನೊಳಗೆ ಅಂಗಿಯ ಗುಂಡಿಯಷ್ಟಗಲದ ಒಂದು ಸೆಲ್ಲಿದೆ ಎಂದು ಪರಮೇಶಣ್ಣ ಹೇಳಿದ್ದ. ಹಾರುವ, ಗುಂಡು ಹೊಡೆಯುವ ಆಟಗಳಲ್ಲಿ ಸಾವು ಎಂದರೆ ಅಯ್ಯೋ ಎಂದು ಇನ್ನೊಂದು ಸಲ ಗುಂಡಿ ಒತ್ತುವುದು. ಇಲ್ಲಿ ಒಂದು ಹೆಜ್ಜೆ ಇಡುವ ಮೊದಲು ದೊಡ್ಡಮ್ಮನನ್ನು ಬಾಣಕ್ಕೆ ಸಿಗುವಂತೆ ಬಿಟ್ಟೆನೇ, ಅಪ್ಪ ತೀರಾ ಮುಂದೆ ಹೋದರೇ ಎಂದು ಹತ್ತು ಕಡೆ ನೋಡಬೇಕು. ನನಗೆ ಆ ಆಟದಲ್ಲಿ ರುಚಿ ಹತ್ತಿದ್ದೇ ಇದಕ್ಕೆ. ಮನೆಮಂದಿಯನ್ನೆಲ್ಲ ಒಟ್ಟಿಗೆ ಹೊಳೆ ದಾಟಿಸುವ ಜವಾಬ್ದಾರಿಯನ್ನು ಹತ್ತು ವರ್ಷದ ಹುಡುಗಿಗೆ ಬೇರೆ ಯಾರು ಕೊಟ್ಟಾರು?

ಆ ವರ್ಷ ಅಟ್ಟಕ್ಕೆ ಹೊಸ ಕಾಯಿ ಏರಿದ ಸ್ವಲ್ಪ ದಿನಕ್ಕೇ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬಂದಾಗ ಬಲಗೈ, ಬಲಗಾಲು ಅವರ ಮಾತು ಕೇಳುತ್ತಿರಲಿಲ್ಲ. ಗಂಟಲಿನಿಂದ ಬರುತ್ತಿದ್ದುದು ಬರೀ ಸ್ವರ. ಪಡಸಾಲೆಯಲ್ಲಿ ಟಿವಿಯ ಎದುರು ಅವರಿಗೊಂದು ಮಂಚ ಹಾಕಿದರು. ಎಲ್ಲರೂ ಅವರನ್ನು ಚೆನ್ನಾಗಿ ನೋಡಿಕೊಂಡರು, ಆ ಮಾತು ಹೇಳಲೇಬೇಕು. ಆದರೆ ಅವರಿಗಾಗಿ ಕಾಯುವವರು ಯಾರೂ ಇರಲಿಲ್ಲ. ಅವರು ಬಾಯಿ ತೆರೆದರೆ ಸಾಕು, ಒಬ್ಬರು ನೀರು ತರುತ್ತಿದ್ದರು, ಒಬ್ಬರು ದಿಂಬು ಸರಿಮಾಡುತ್ತಿದ್ದರು, ಇನ್ನೊಬ್ಬರು ಫ್ಯಾನು ಹಾಕುತ್ತಿದ್ದರು. ಅವರು ಹೇಳಹೊರಟಿದ್ದು ಅದ್ಯಾವುದೂ ಆಗಿರುತ್ತಿರಲಿಲ್ಲ. ಬರಬರುತ್ತಾ ಅವರು ಬಾಯಿ ತೆರೆಯುವುದನ್ನೇ ಬಿಟ್ಟು ಗೋಡೆಯ ಕಡೆ ಮುಖ ತಿರುಗಿಸಿ ಮಲಗತೊಡಗಿದರು. ಅಷ್ಟು ದೊಡ್ಡ ದನಿಯ ಮನುಷ್ಯ ನಮ್ಮ ಕಣ್ಣೆದುರೇ ಮನೆಯಿಂದ ಎದ್ದು ಹೋಗುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ನಾನು ಮಂಚದ ಪಕ್ಕ ನೆಲದ ಮೇಲೆ ಕೂತು ಆಡುತ್ತಿದ್ದೆ. ಸೇತುವೆಯ ಯುದ್ಧ, ಪರಮೇಶಣ್ಣ ಹಾಳಾದವನು ಒಂಟಿಯಾಗಿ ಸಿಕ್ಕಿಬಿದ್ದಿದ್ದ. ಹಿಂದಿನಿಂದ ಮಂಚದ ಪಟ್ಟಿಯ ಮೇಲೆ ಟಕಟಕ ಸದ್ದಾಯಿತು. ದೊಡ್ಡಪ್ಪ ಇತ್ತ ತಿರುಗಿದ್ದರು, ಕಣ್ಣು ಪರದೆಯ ಮೇಲಿತ್ತು. ಎಡಗೈಯಿಂದ ಹೆಗಲ ಟವೆಲ್ಲನ್ನು ಎಳೆದು ನನ್ನ ಕೈಯ ಮೇಲೆ ಹಾಕಿ, ಅದರಡಿಯಲ್ಲಿ ನನ್ನ ಬೆರಳು ಹಿಡಿದುಕೊಂಡರು. ದನದ ಜಾತ್ರೆಗಳಲ್ಲಿ ಎತ್ತು ಕೊಳ್ಳುವವರು ಬಟ್ಟೆಯ ಮರೆಯಲ್ಲಿ ಬೆರಳು ಅದುಮಿ ಬೆಲೆ ಹೇಳುವುದನ್ನು ನೀವು ನೋಡಿರಬಹುದು, ಅದೇ ರೀತಿ. ಮೊದಲ ಬೆರಳು ಅದುಮಿದರೆ ಒಂದು ಚೌಕ, ಎರಡು ಸೇರಿಸಿ ಅದುಮಿದರೆ ಎರಡು. ಹೆಬ್ಬೆರಳು ತಿರುಗಿದ ಕಡೆಗೆ ನಡೆ. ಹಾಗೆ ನಾನು ಅವರ ದಢೂತಿ ಆಸಾಮಿಯನ್ನು ಸೇತುವೆಯ ಬಾಯಿಗೆ ತಂದು ನಿಲ್ಲಿಸಿದೆ. ಅವರು ಯೋಚಿಸುವಷ್ಟು ಹೊತ್ತೂ ಶತ್ರುಗಳು ಅಲ್ಲಲ್ಲೇ ನಿಂತಿದ್ದರು. ಹಾಲಿನವಳು ಬಂದು ಹೋದಳು, ರೈಲೊಂದು ಕೂಗಿಕೊಂಡು ಹೋಯಿತು, ಆಗಲೂ ನಿಂತೇ ಇದ್ದರು. ಆ ಮನೆಯಲ್ಲಿ ಅವರ ಮಾತು ಮುಗಿಯುವವರೆಗೆ ಕಾಯುತ್ತಿದ್ದುದು ಆ ಕ್ಯಾಸೆಟ್ಟು ಒಂದೇ.

ಅಂದಿನಿಂದ ಸ್ಕೂಲು ಬಿಟ್ಟ ಮೇಲೆ ನಮ್ಮಿಬ್ಬರದು ಅದೇ ಕೆಲಸ. ನಾನು "ದೊಡ್ಡಪ್ಪಾ, ಈಗ ನಿಮ್ ಚಾನ್ಸು" ಎನ್ನುವುದು, ಅವರು ಟವೆಲ್ ಎಳೆದುಕೊಳ್ಳುವುದು. ಮನೆಯವರಲ್ಲಿ ಯಾರಾದರೂ ಬಿದ್ದರೋ, ಗೆಲ್ಲುವ ಯುದ್ಧವಾದರೂ ಸರಿ, ಅವರ ಎಡಗೈ ಸೀದಾ ಸ್ವಿಚ್ಚಿಗೆ ಹೋಗುತ್ತಿತ್ತು. ಒಬ್ಬರನ್ನು ಬಿಟ್ಟು ಮುಂದೆ ಹೋಗುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಒಮ್ಮೆ ಗೆಲ್ಲುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿ ನಾನು ಭೋರೆಂದು ಅತ್ತಾಗ ಅವರು ಅರ್ಧ ಬಾಯಿಯಲ್ಲೇ ನಕ್ಕರು. ಲಕ್ವ ಹೊಡೆದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಒಳಗಿನಿಂದ ಓಡಿಬಂದ ದೊಡ್ಡಮ್ಮ ಸೆರಗು ಬಾಯಿಗೆ ಹಿಡಿದು ಬಾಗಿಲಲ್ಲೇ ನಿಂತರು.

ಆದರೆ ಮನೆಯ ಲೆಕ್ಕಾಚಾರ ಬೇರೆ ನಡೆದಿತ್ತು. ಒಂದು ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕೂತರು. ಕರೆಂಟಿರಲಿಲ್ಲ, ಕ್ಯಾಸೆಟ್ಟು ನನ್ನ ತೊಡೆಯ ಮೇಲಿತ್ತು. ಅಪ್ಪ ಸರ್ಕಾರಿ ನೌಕರರು, ದೊಡ್ಡಮ್ಮನಿಗೆ ಮೆಲ್ಲಗೆ ಹೇಳಿದರು: "ನೋಡಿ ಅತ್ತಿಗೆ, ನಾನು ಡ್ಯೂಟಿ ಬಿಟ್ಟು ಮಂಡೀಲಿ ಕೂರಕ್ಕಾಗಲ್ಲ. ಪರಮೇಶನೂ ಫ್ಯಾಕ್ಟರಿ ಸೇರ್ಕೊತೀನಿ ಅಂತಿದಾನೆ. ಅಟ್ಟದ ಕಾಯಿನ ಹಸೀದೇ ಕೊಟ್ಬಿಡೋಣ. ಮಂಡಿ ಬಾಗ್ಲು ಹಾಕೋಣ."

"ನಿಮಗೆ ಹೆಂಗ್ ಸರಿ ಕಾಣ್ತೈತೋ ಹಂಗ್ ಮಾಡ್ರಪ್ಪ" ಎಂದರು ದೊಡ್ಡಮ್ಮ.

ಮಂಚದ ಮೇಲಿಂದ ಒಂದು ಸ್ವರ ಬಂತು. ದೊಡ್ಡಮ್ಮ ನೀರಿನ ಲೋಟ ಎತ್ತಿದರು, ಪರಮೇಶಣ್ಣ ದಿಂಬಿಗೆ ಕೈಹಾಕಿದ, ಅಪ್ಪ ಮಾತು ಮುಂದುವರಿಸಿದರು. ದೊಡ್ಡಪ್ಪನ ಮುಖ ನಿಧಾನವಾಗಿ ಗೋಡೆಯ ಕಡೆ ತಿರುಗತೊಡಗಿತು. ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ.

"ಎಲ್ರೂ ಸುಮ್ನಿರಿ. ನಿಮ್ದೆಲ್ಲ ಆಯ್ತಲ್ಲ. ಈಗ ದೊಡ್ಡಪ್ಪನ ಚಾನ್ಸು. ಅವ್ರದಾಗೋವರ್ಗೂ ಯಾರೂ ಅಲ್ಲಾಡಂಗಿಲ್ಲ" ಎಂದೆ.

ಬೆನ್ನಿಗೆ ಒಂದು ಗುದ್ದು ಬೀಳುತ್ತದೆ ಎಂದುಕೊಂಡಿದ್ದೆ. ಬೀಳಲಿಲ್ಲ. ಲೋಟ ಎತ್ತಿದ್ದ ದೊಡ್ಡಮ್ಮ ಹಾಗೇ ನಿಂತರು, ದಿಂಬಿನ ಮೇಲೆ ಪರಮೇಶಣ್ಣನ ಕೈ ಹಾಗೇ ಉಳಿಯಿತು. ಹಸಿರು ಮೈದಾನದ ಚೌಕಗಳಲ್ಲಿ ನಿಂತ ಹಾಗೆ ನನ್ನ ಮನೆಯವರೆಲ್ಲ ನಿಂತು ಕಾದರು. ದೊಡ್ಡಪ್ಪ ಅವಸರ ಮಾಡಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಡಗೈ ಚಾಚಿ ನನ್ನ ತೊಡೆಯ ಮೇಲಿದ್ದ ಕ್ಯಾಸೆಟ್ಟು ತೆಗೆದುಕೊಂಡರು. ಕಿವಿಗೆ ಹಿಡಿದು ಅಲ್ಲಾಡಿಸಿದರು. ಏನೂ ಕೇಳಲಿಲ್ಲ. ಆಮೇಲೆ ಕಣ್ಣೆತ್ತಿ ಅಟ್ಟದ ಕಡೆ ನೋಡಿ, ಇಲ್ಲ ಎಂದು ತಲೆ ಆಡಿಸಿದರು.

ಬೇರೆ ಊರಿನ, ಬೇರೆ ಕಸುಬಿನ ಜನರಿಗೆ ಅದು ಏನೂ ಅನ್ನಿಸುತ್ತಿರಲಿಲ್ಲ. ನಮ್ಮಲ್ಲಿ ಬಿಡಿಸಿ ಹೇಳಬೇಕಾಗಲಿಲ್ಲ. ಅಪ್ಪ ಎದ್ದು ಹೋಗಿ ಅಣ್ಣನ ಕಾಲ ಬಳಿ ಕೂತರು. "ಆಯ್ತಣ್ಣ, ಒಣಗ್ಲಿ. ಒಣಗೋವರ್ಗೂ ಯಾರೂ ಮುಟ್ಟಲ್ಲ" ಎಂದರು.

ಹಾಗೆ ನಮಗೆ ಆ ವರ್ಷ ಪೂರ್ತಿ ಸಿಕ್ಕಿತು. ನನ್ನ ಬಾಲ್ಯ ಯಾವುದು ಎಂದು ಕೇಳಿದರೆ ನಾನು ಆ ವರ್ಷವನ್ನೇ ತೋರಿಸುತ್ತೇನೆ. ದೊಡ್ಡಪ್ಪ ಅಟ್ಟ ಹತ್ತಲಾರರು, ಅದಕ್ಕೆ ಪರಮೇಶಣ್ಣ ಒಂದೊಂದು ಮೂಲೆಯ ಕಾಯನ್ನು ಬುಟ್ಟಿಯಲ್ಲಿ ಇಳಿಸಿ ಮಂಚದ ಬಳಿ ಸುರಿಯುತ್ತಿದ್ದ. ಅವರು ಒಂದೊಂದನ್ನೇ ಎಡಗೈಯಲ್ಲಿ ಅಲ್ಲಾಡಿಸಿ ನೋಡುತ್ತಿದ್ದರು. ಮನೆಯಲ್ಲಿ ಹೊಸ ರೂಢಿಯೊಂದು ಬಿತ್ತು. ಅವರು ಬಾಯಿ ತೆರೆದರೆ ಯಾರಾದರೊಬ್ಬರು "ತಡೀರಿ, ಅವರ್ ಚಾನ್ಸು" ಎನ್ನುತ್ತಿದ್ದರು, ಎಲ್ಲರೂ ಕಾಯುತ್ತಿದ್ದರು. ಕಾದದ್ದಕ್ಕೋ ಏನೋ, ಒಂದೊಂದೇ ಮಾತು ಮರಳಿ ಬಂತು, ತೊದಲಿಕೊಂಡು, ನಿಧಾನವಾಗಿ. ಸಂಜೆ ನಮ್ಮ ಯುದ್ಧಗಳು ನಡೆದೇ ಇದ್ದವು. ಕೊನೆಯ ಕೋಟೆಯ ಬಾಗಿಲವರೆಗೆ ಎಲ್ಲರನ್ನೂ ಜೀವಂತವಾಗಿ ತಂದಿದ್ದೆವು. ಆ ಹೊತ್ತಿಗೆ ಒಂದು ದಿನ ಅವರು ಒಂದು ಕಾಯಿಯನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದರು. ಲೊಡಲೊಡ. "ಒಣಗೈತೆ" ಎಂದರು, ಸ್ಪಷ್ಟವಾಗಿ, ಹಳೆಯ ಮಂಡಿಯ ಗಂಟಲಿನಲ್ಲಿ.

ಅಟ್ಟ ಖಾಲಿಯಾಯಿತು, ಅವರೇ ಮುಂದೆ ಕೂತು ಮಂಡಿಯ ಬಾಗಿಲು ಹಾಕಿಸಿದರು. ಮುಂದಿನ ಮಳೆಗಾಲ ಅವರು ನೋಡಲಿಲ್ಲ. ಕೋಟೆಯೊಳಗಿನ ಯುದ್ಧವನ್ನು ನಾನು ಆಡಲಿಲ್ಲ, ಯಾರಾದರೂ ಬಿದ್ದರೆ ಸ್ವಿಚ್ಚು ಆರಿಸಲು ಆ ಕೈ ಇರಲಿಲ್ಲ. ಬಾಗಿಲ ಬಳಿ ಎಲ್ಲರೂ ಒಟ್ಟಿಗೆ ನಿಂತಿದ್ದಾರೆ, ಹಾಗೇ ಇರಲಿ ಎಂದು ಕ್ಯಾಸೆಟ್ಟನ್ನು ದೊಡ್ಡಮ್ಮನ ಕೈಗೆ ಕೊಟ್ಟೆ. ಅವರು ಅದನ್ನು ಧಾರೆ ಸೀರೆಯಲ್ಲಿಟ್ಟಿದ್ದರೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಮನೆ ಮಾರಿದೆವು. ಅಟ್ಟವಿದ್ದ ಎತ್ತರದಲ್ಲಿ ಈಗ ಟ್ಯುಟೋರಿಯಲ್ಲಿನ ಬೋರ್ಡಿದೆ. ಅದರ ಕೆಳಗೆ ನಿಂತರೆ ಬಿಸ್ಕತ್ತಿನ ಅಂಗಡಿಯ ವಾಸನೆ ಬರುತ್ತದೆ. ಅಪ್ಪನೂ ಈಗಿಲ್ಲ.

ಸೀರೆಗಳ ಮಧ್ಯೆ ಕೂತು ಮತ್ತೊಮ್ಮೆ ಅಲ್ಲಾಡಿಸಿದೆ. ಒಳಗಿನ ಆ ಪುಟ್ಟ ಸೆಲ್ಲು ಕಳಚಿಕೊಂಡಿರಬೇಕು. ಸೆಲ್ಲು ಹೋದ ಮೇಲೆ ಅದಕ್ಕೆ ಏನೂ ನೆನಪಿರುವುದಿಲ್ಲ. ಸೇತುವೆಯೂ ಇಲ್ಲ, ಕೋಟೆಯ ಬಾಗಿಲಲ್ಲಿ ನಿಂತ ನನ್ನವರೂ ಇಲ್ಲ. ಮಗಳು ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

"ಏನಮ್ಮಾ ಅದು? ಸದ್ದು ಬರ್ತಿದೆ, ಕೆಟ್ಟೋಗಿದೆಯಾ?"

ಅವಳ ಕಿವಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ.

"ಕೆಟ್ಟಿಲ್ಲ ಕಣೇ," ಎಂದೆ, "ಒಣಗೈತೆ."