ಎಡಕ್ಕೆ ಬಂದ ದೇವಸ್ಥಾನ

ಹನ್ನೊಂದನೇ ಕ್ಲಾಸಿನಲ್ಲಿ ಮಗಳು ಪ್ರವಾಸೋದ್ಯಮ ಎಂಬ ವಿಷಯ ತೆಗೆದುಕೊಂಡಾಗ ಅದರಲ್ಲಿ ಓದುವುದಕ್ಕೆ ಏನಿದೆಯೆಂದು ನನಗೆ ತಿಳಿಯಲಿಲ್ಲ. ನಂಜನಗೂಡಿಗೆ ಹೋಗಬೇಕೆಂದರೆ ನಮ್ಮಪ್ಪ ಬುತ್ತಿ ಕಟ್ಟಿಸಿ ಎಲ್ಲರನ್ನೂ ಬಸ್ಸು ಹತ್ತಿಸುತ್ತಿದ್ದರು, ಅಷ್ಟೇ. ಅದಕ್ಕೂ ಪರೀಕ್ಷೆಯೇ? ನಮ್ಮ ಯಜಮಾನರಂತೂ, "ಪ್ರಾಕ್ಟಿಕಲ್‌ನಲ್ಲಿ ಫೇಲಾದ್ಲೋ, ಕಾಮರ್ಸ್‌ಗೆ ಸೇರಿಸಿಬಿಡ್ತೀನಿ" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಮೂರು ದಿನ ಅವಳಿಗೆ ಊಟ ಸೇರಿರಲಿಲ್ಲ.

ಪ್ರಾಕ್ಟಿಕಲ್ ಎಂದರೆ ಅವಳು ಗೈಡ್ ಆಗಿ ನಾಲ್ಕು ಜನರಿಗೆ ನಾವಿರುವ ತಮಿಳು ಊರಿನ ಮೈಲಾಪೂರು, ಅಲ್ಲಿನ ದೇವಸ್ಥಾನ ತೋರಿಸಬೇಕು. ಟೀಚರ್, ಇಬ್ಬರು ಸಹಪಾಠಿಗಳು, ನಾಲ್ಕನೆಯವಳು ನಾನು. ಪುಣ್ಯಕ್ಕೆ ಅಂದು ಮೋಡವಿತ್ತು.

"ಇವತ್ತು ನೀ ಅಮ್ಮ ಇಲ್ಲೆ, ಗೆಸ್ಟು. ನಡುವೆ ಪೇಸಾದೆ, ಸರಿಯಾ?" ಎಂದು ತಮಿಳು ಬೆರೆಸಿ, ಇವತ್ತು ನಾನು ಅಮ್ಮನಲ್ಲ, ನಡುವೆ ಮಾತಾಡಕೂಡದೆಂದು ಮನೆಯಲ್ಲೇ ನನ್ನ ಬಾಯಿ ಮುಚ್ಚಿಸಿದ್ದಳು.

ದೇವಸ್ಥಾನದ ಮುಂದೆ ನಿಂತು ಏನೇನೋ ಚೆನ್ನಾಗಿ ವಿವರಿಸಿದಳು. ಆಮೇಲೆ ಸುತ್ತಲಿನ ಬೀದಿಗಳನ್ನು ತೋರಿಸಲು ಬಲಕ್ಕೆ ತಿರುಗಿದಳು. ದೇವಸ್ಥಾನ ನಮ್ಮ ಎಡಕ್ಕೆ ಬಂತು. ಹಾಗೇ ಸುತ್ತು ಹಾಕಿದರೆ ಅಪ್ರದಕ್ಷಿಣೆ! ಸಾವಿನ ಕೆಲಸದಲ್ಲಿ ಬಿಟ್ಟರೆ ಯಾರು ಹಾಗೆ ಸುತ್ತುತ್ತಾರೆ? ಮಾತಾಡುವಂತಿಲ್ಲ, ಕಾಲು ಮುಂದಕ್ಕೆ ಬರಲೊಲ್ಲದು. ಏನೂ ತೋಚದೆ ಒಬ್ಬಳೇ ತಿರುಗಿ ಎಡಗಡೆಯ ಬೀದಿ ಹಿಡಿದೆ.

ನಿನ್ನ ಗೆಸ್ಟ್ ಒಬ್ಬರು ಹೊರಟೇಹೋದರಲ್ಲ, ಈಗೇನು ಮಾಡುತ್ತೀಯೆಂದು ಟೀಚರ್ ತಮಿಳಿನಲ್ಲಿ ಕೇಳಿದ್ದು ಕಿವಿಗೆ ಬಿತ್ತು. ವಾಪಸು ಹೋದರೆ ದೇವರಿಗೆ ತಪ್ಪು, ಹೋಗದಿದ್ದರೆ ಮಗಳಿಗೆ. ಶಿವಶಿವಾ ಎನ್ನುತ್ತ ನಡೆದೇಬಿಟ್ಟೆ.

ದೇವಸ್ಥಾನದ ಹಿಂದಿನ ಬೀದಿಯ ಪಾತ್ರೆ ಅಂಗಡಿಯ ಹತ್ತಿರ ಅವರೆಲ್ಲ ಎದುರಿಗೇ ಬಂದರು. ಸುತ್ತುಬೀದಿಯಲ್ಲವೇ, ಅಮ್ಮ ಈ ಕಡೆಯಿಂದ ಬಂದೇ ಬರುತ್ತಾರೆಂದು ಮಗಳು ಟೀಚರಿಗೆ ಹೇಳಿದ್ದಳಂತೆ.

"ಯಾಕಮ್ಮಾ ಹೋದೆ?"

"ಅಪ್ರದಕ್ಷಿಣೆ ಕಣೇ."

"ಅಯ್ಯೋ, ಇದು ಯಾತ್ರೆ ಇಲ್ಲಮ್ಮಾ, ಟೂರು!"

ಟೀಚರ್ ನಕ್ಕರು. "ಟೂರೇ ಇರಲಿ, ಗೆಸ್ಟಿನ ಪದ್ಧತಿ ಮೊದಲೇ ಕೇಳಬೇಡವಾ?" ಎಂದು ತಮಿಳಿನಲ್ಲೇ ಕೇಳಿ, ಕೈಲಿದ್ದ ಹಾಳೆಯಲ್ಲಿ ಏನೋ ಗೀಚಿದರು. ಮಗಳ ಮುಖ ಸಣ್ಣದಾಯಿತು. "ವಾಂಗ, ಬನ್ನಿ, ತಿರುಗೋಣ" ಎಂದು ಎಲ್ಲರನ್ನೂ ನಾನು ಹೋಗುತ್ತಿದ್ದ ದಿಕ್ಕಿಗೇ ತಿರುಗಿಸಿದಳು.

ದೇವರ ದಯೆ, ಪಾಸಾದಳು. ಕಾಮರ್ಸ್ ತಪ್ಪಿತು. ಕೇಳದೇ ಇದ್ದುದಕ್ಕೆ ಮಾರ್ಕ್ಸ್ ಕಳೆದಿದ್ದರಂತೆ, ಗಾಬರಿಯಾಗದೆ ನಿಭಾಯಿಸಿದ್ದಕ್ಕೆ ಕೊಟ್ಟಿದ್ದರಂತೆ. ಎರಡಕ್ಕೂ ಕಾರಣ ನಾನೇ. ಮಾರ್ಕ್ಸ್ ಗೊತ್ತಾದ ದಿನ ಸಂಜೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ತಪ್ಪಾಯಿತೆಂದು ಹಚ್ಚಿದೆನೋ, ಒಳ್ಳೆಯದಾಯಿತೆಂದು ಹಚ್ಚಿದೆನೋ, ನನಗೆ ಇವತ್ತಿಗೂ ಗೊತ್ತಿಲ್ಲ.