ಬೂಂದಿಗೆ ಉಪಚಾರ

ಕಾಂತರಾಜು ಎದುರಿಗೆ ಬಂದು ನಿಂತರೆ ಅರ್ಧ ಹೊಟ್ಟೆಯಲ್ಲಿ ಎಲೆ ಬಿಟ್ಟು ಏಳುವುದು ಯಾರಿಂದಲೂ ಆಗುವ ಮಾತಲ್ಲ. ವಿಜಯನಗರದ ಛತ್ರವೊಂದಕ್ಕೆ ಅವನು ಮ್ಯಾನೇಜರು. ಬುಕಿಂಗು, ನೀರು, ಜನರೇಟರು, ಪಾರ್ಕಿಂಗಿನ ಜಗಳ ಎಲ್ಲ ಅವನ ತಲೆ ಮೇಲೆಯೇ ಇದ್ದರೂ ಹೆಸರು ಬಂದಿದ್ದು ಮಾತ್ರ ಉಪಚಾರಕ್ಕೆ. ಹೆಣ್ಣಿನ ಕಡೆಯವರು ನಿದ್ದೆಗೆಟ್ಟು ಸುಸ್ತಾಗಿ ಊಟದ ಮನೆಯ ಕಡೆ ತಲೆ ಹಾಕದಿದ್ದಾಗ ಇವನೇ ಹೆಗಲ ಟವೆಲ್ ಸರಿಮಾಡಿಕೊಂಡು ಎಲೆಯಿಂದ ಎಲೆಗೆ ನಡೆಯುತ್ತಾನೆ. "ನಿಧಾನಕ್ಕೆ ಊಟ ಮಾಡಿ, ಸಂಕೋಚ ಮಾಡ್ಕೋಬೇಡಿ. ಅಜ್ಜಿಗೆ ಇನ್ನೊಂದು ಹೋಳಿಗೆ ಹಾಕಪ್ಪ. ಏನ್ ಸಾರ್, ಪಾಯಸ ಹಾಗೇ ಬಿಟ್ಟಿದೀರಲ್ಲ, ಚೆನ್ನಾಗಿಲ್ವಾ?" ಸಕ್ಕರೆ ಕಾಯಿಲೆಯವರು ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಜಹಾಂಗೀರು ಇಳಿಯುತ್ತದೆ. ಜನ ಬೈದುಕೊಂಡು ತಿನ್ನುತ್ತಾರೆ, ಮನೆಗೆ ಹೋಗಿ ಹೊಗಳುತ್ತಾರೆ. ಒಬ್ಬರ ಮೇಲೆ ಪ್ರೀತಿ ಇದ್ದರೆ ಅವರ ಎಲೆಯ ಮೇಲೆ ಕಣ್ಣಿಡಬೇಕು ಎನ್ನುವುದು ಕಾಂತರಾಜುವಿನ ನಂಬಿಕೆ. ಅದಕ್ಕಿಂತ ದೊಡ್ಡ ನಂಬಿಕೆಯ ಅಗತ್ಯ ಅವನಿಗೆ ಬಿದ್ದೂ ಇರಲಿಲ್ಲ.

ಇಷ್ಟು ಜನರ ಮದುವೆ ದಡ ಮುಟ್ಟಿಸಿದವನಿಗೆ ತನ್ನದೊಂದು ಆಗಲಿಲ್ಲ. ಮೊದಲು ಜಾತಕ ಕೂಡಲಿಲ್ಲ, ಆಮೇಲೆ ಪುರುಸೊತ್ತಾಗಲಿಲ್ಲ, ಆಮೇಲೆ ಜನ ಕೇಳುವುದನ್ನೇ ಬಿಟ್ಟರು. ಅದರಿಂದ ಅವನಿಗೆ ನಿರಾಳವೇ ಆಯಿತು. ಹಗಲೆಲ್ಲ ವಾಲಗ, ಮೈಕು, ಮಕ್ಕಳ ಅಳು ಕೇಳಿ ಕೇಳಿ ಕಿವಿ ಗುಂಯ್ಗುಡುತ್ತಿದ್ದವನಿಗೆ ಆರ್‌ಪಿಸಿ ಲೇಔಟಿನ ಹಳೇ ಮನೆಯ ಮಹಡಿಯ ಎರಡು ಕೋಣೆ, ಕೆಂಪು ಗಾರೆ ನೆಲ, ಅಲ್ಲಿಯ ಸದ್ದಿಲ್ಲದ ಸಂಜೆ ಸ್ವರ್ಗವಾಗಿದ್ದವು.

ಆ ಸಂಜೆಗಳಿಗೆ ಅವನಿಗೆ ಎರಡು ಹುಚ್ಚು. ಒಂದು, ಪ್ಲಾಸ್ಟಿಕ್ ವೈರಿನಲ್ಲಿ ಬುಟ್ಟಿ ಹೆಣೆಯುವುದು. ನಂದಿನಿ ಲೇಔಟಿನಲ್ಲಿರುವ ತಂಗಿ ಲತಾಳ ಅಡುಗೆಮನೆಯಲ್ಲಿ ಈರುಳ್ಳಿಗೊಂದು, ಬೆಳ್ಳುಳ್ಳಿಗೊಂದು, ಏನೂ ಇಲ್ಲದ್ದಕ್ಕೆ ಇನ್ನೂ ನಾಲ್ಕು ಬುಟ್ಟಿಗಳಿದ್ದವು. ಇನ್ನೊಂದು, ಒಬ್ಬನೇ ಕೂತು ಚೌಕಾಬಾರ ಆಡುವುದು. ಮಣೆಯ ನಾಲ್ಕು ಕಡೆಯೂ ಅವನೇ. ಬುಟ್ಟಿಯಲ್ಲಿ ಮಿಕ್ಕ ವೈರಿನ ತುಂಡುಗಳೇ ಕಾಯಿಗಳು: ಕೆಂಪು, ಹಸಿರು, ಹಳದಿ, ನೀಲಿ. ಅವನ ಲೆಕ್ಕದಲ್ಲಿ ಹಸಿರಿನವನು ಹುಷಾರಿ, ಯಾರೂ ಕಡಿಯಲಾಗದ ಕಟ್ಟೆಮನೆ ಬಿಟ್ಟು ಅಲುಗುವವನಲ್ಲ. ನೀಲಿಯವನಿಗೆ ಕೊಬ್ಬು. ಹಳದಿಯದು ಹೆಂಗಸು, ಯಾರನ್ನು ಕಡಿದರೂ ಪಾಪ ಅಂದುಕೊಂಡೇ ಕಡಿಯುತ್ತಾಳೆ. ಕೆಂಪಿನವನು ಮಾತ್ರ ಹಣೆಬರಹ ಕೆಟ್ಟವನು, ಕವಡೆ ಅವನಿಗೆ ಒಲಿಯುವುದೇ ಅಪರೂಪ. ಯಾರ ಪರವನ್ನೂ ವಹಿಸದೆ, ಯಾರಿಗೂ ಮೋಸ ಮಾಡದೆ ನಾಲ್ವರನ್ನೂ ಆಡಿಸುವುದು ಕಾಂತರಾಜುವಿಗೆ ವ್ರತದಷ್ಟೇ ಮುಖ್ಯ.

ಆ ಮನೆಯಲ್ಲಿ ಇನ್ನೊಂದು ಜೀವವೆಂದರೆ ಬೂಂದಿ. ಹದಿಮೂರು ವರ್ಷದ ಹಿಂದೆ ಛತ್ರದ ಉಗ್ರಾಣದಲ್ಲಿ, ಕಡಲೆಹಿಟ್ಟಿನ ಮೂಟೆಗಳ ಮಧ್ಯೆ ಹುಟ್ಟಿದ ಹೆಣ್ಣುಬೆಕ್ಕು. ಬಿಳಿ ಮೈಮೇಲೆ ಹಳದಿ ಚುಕ್ಕೆ, ಅದಕ್ಕೇ ಆ ಹೆಸರು. ಅಡುಗೆಯವರು ಗೋಣಿಯಲ್ಲಿ ಹಾಕಿ ಎಲ್ಲಾದರೂ ಬಿಟ್ಟುಬರಲು ಹೊರಟಾಗ ಇವನು ಅಂಗಿಯೊಳಗೆ ಹಾಕಿಕೊಂಡು ತಂದ. ಅವನು ಹೆಣೆಯುವಾಗ ವೈರಿನ ತುದಿ ಕಚ್ಚುವುದು, ಆಡುವಾಗ ಗೆಲ್ಲುವ ಕಾಯಿಯ ಮೇಲೆ ಕೂರುವುದು ಅವಳ ಹಕ್ಕು. ಈಚೆಗೆ ಎರಡನ್ನೂ ಬಿಟ್ಟು ಕಿಟಕಿಯ ಕೆಳಗೆ ಮುದುರಿ ಮಲಗುತ್ತಿದ್ದಳು. ವಯಸ್ಸಾಯಿತು, ಬುದ್ಧಿ ಬಂತು ಅಂದುಕೊಂಡಿದ್ದ.

ಆಷಾಢ ಬಂತು. ಮದುವೆಗಳಿಲ್ಲ, ಛತ್ರಕ್ಕೆ ಸುಣ್ಣಬಣ್ಣದವರು ಬಂದರು, ಕಾಂತರಾಜುವಿಗೆ ಬಿಡುವು. ಪ್ರತಿ ವರ್ಷ ಈ ತಿಂಗಳಿಗಾಗಿಯೇ ಕಾದಿದ್ದು ದೊಡ್ಡ ಬುಟ್ಟಿಯೊಂದನ್ನು ಶುರು ಮಾಡುತ್ತಿದ್ದ. ಈ ಸಲ ಬುಟ್ಟಿಯ ತಳ ಮುಗಿಯುವ ಹೊತ್ತಿಗೆ, ಬೂಂದಿ ತಟ್ಟೆ ಮುಟ್ಟುತ್ತಿಲ್ಲ ಎನ್ನುವುದು ಗಮನಕ್ಕೆ ಬಂತು. ಎತ್ತಿಕೊಂಡರೆ ಕೈಗೆ ಬರೀ ಮೂಳೆ ಸಿಕ್ಕಿತು. ಛತ್ರದಲ್ಲಿ ಕೊನೇ ಪಂಕ್ತಿಯ ಮೂಲೆ ಎಲೆಯಲ್ಲಿ ಏನು ಮಿಕ್ಕಿದೆ ಎಂದು ಹೇಳಬಲ್ಲವನಿಗೆ ಮನೆಯ ತಟ್ಟೆ ಕಾಣದೆ ಹೋಗಿತ್ತು.

ಹಳೇ ಬುಟ್ಟಿಯೊಂದಕ್ಕೆ ಟವೆಲ್ ಹಾಸಿ, ಅವಳನ್ನು ಅದರಲ್ಲಿ ಕೂರಿಸಿ, ಆಟೋ ಹಿಡಿದು ಬಸವೇಶ್ವರನಗರದ ಪ್ರಾಣಿಗಳ ಕ್ಲಿನಿಕ್ಕಿಗೆ ಓಡಿದ. ಅಲ್ಲಿಯ ಡಾಕ್ಟರು ರಮ್ಯಶ್ರೀ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ರಕ್ತ ಪರೀಕ್ಷೆ ಮಾಡಿಸಿ, ಬೆನ್ನಿನ ಚರ್ಮದಡಿಗೆ ಸಲೈನ್ ಕೊಟ್ಟು, ಕಾಂತರಾಜುವನ್ನು ಕುರ್ಚಿಯ ಮೇಲೆ ಕೂರಿಸಿದರು.

"ಎರಡೂ ಕಿಡ್ನಿ ಸೋತಿವೆ ಸಾರ್. ವಾಸಿ ಮಾಡಕ್ಕಾಗಲ್ಲ, ಸುಳ್ಳು ಹೇಳಲ್ಲ. ಆದ್ರೆ ತಿಂತಾ ಇದ್ರೆ ಇನ್ನೂ ಸ್ವಲ್ಪ ಕಾಲ ಆರಾಮಾಗಿರ್ತಾಳೆ."

"ತಿನ್ನಲಿಲ್ಲ ಅಂದ್ರೆ ಮೇಡಂ?"

ಡಾಕ್ಟರು ಬೆಕ್ಕಿನ ಕಿವಿ ಸವರುತ್ತಾ ಹೇಳಿದರು. "ಸೋಮವಾರ ಬೆಳಿಗ್ಗೆ ಕರ್ಕೊಂಡು ಬನ್ನಿ. ತಾನಾಗಿ ಒಂಚೂರು ತಿಂದಿದ್ರೂ ಸಾಕು, ಔಷಧಿ ಮುಂದುವರಿಸೋಣ. ಏನೂ ತಿಂದಿಲ್ಲ ಅಂದ್ರೆ, ನೋವಿಲ್ಲದೆ ಕಳಿಸಿಕೊಡೋದು ಒಳ್ಳೇದು. ಬಲವಂತ ಮಾತ್ರ ಮಾಡಬೇಡಿ."

ಕೊನೆಯ ಮಾತು ಅವನ ಕಿವಿಗೆ ಬಿದ್ದಿತೋ ಇಲ್ಲವೋ. ತಿನ್ನಿಸಬೇಕು, ಅಷ್ಟೇ ತಾನೆ? ಅದು ತನ್ನ ಕಸುಬು. ದಾರಿಯಲ್ಲೇ ಕೋಳಿಯ ಈಲಿ ತಗೊಂಡ, ಜಿಲೇಬಿ ಮೀನು ತಗೊಂಡ. ಮನೆಗೆ ಬಂದವನೇ ಹೆಣೆಯುತ್ತಿದ್ದ ಬುಟ್ಟಿಯನ್ನೂ ಚೌಕಾಬಾರದ ಮಣೆಯನ್ನೂ ಅಟ್ಟಕ್ಕೆ ಹಾಕಿದ. ಮನೆಯಲ್ಲಿ ಒಂದು ಜೀವ ಹೀಗೆ ಮಲಗಿರುವಾಗ ಆಟವೇನು, ಹೆಣಿಗೆಯೇನು ಎಂದು ತನ್ನ ಮೇಲೇ ಸಿಟ್ಟಾದ.

ಅಲ್ಲಿಂದ ಶುರುವಾಯಿತು ಉಪಚಾರ. ಈಲಿ ಬೇಯಿಸಿ ಬೆರಳಲ್ಲಿ ಹಿಸುಕಿ ಮೂಗಿನ ಹತ್ತಿರ ಹಿಡಿದ. ಬೂಂದಿ ಮುಖ ತಿರುವಿದಳು. ಮೀನಿನ ಮುಳ್ಳು ಒಂದೊಂದನ್ನೂ ಆರಿಸಿ ಇಟ್ಟ. ಮುಖ ಇನ್ನೊಂದು ಕಡೆ ತಿರುಗಿತು. ಬಿಸಿ ಹೆಚ್ಚಾಯಿತೇನೋ ಎಂದು ಆರಿಸಿದ, ಆರಿತೆಂದು ಬಿಸಿ ಮಾಡಿದ. ತಟ್ಟೆ ಸರಿಯಿಲ್ಲವೇನೋ ಎಂದು ಬಾಳೆ ಎಲೆಯ ತುಂಡೂ ತಂದ. "ನಿಧಾನಕ್ಕೆ ತಿನ್ನಮ್ಮ, ನಿಂಗೇ ಮಾಡಿರೋದು. ಒಂದೇ ಒಂದು ತುತ್ತು. ನನ್ ಬಂಗಾರ ಅಲ್ವಾ, ಚೆನ್ನಾಗಿಲ್ವಾ?" ಎನ್ನುತ್ತಾ ಗಾರೆ ನೆಲದ ಮೇಲೆ ಮಂಡಿಯೂರಿ ಅವಳು ಹೋದಲ್ಲೆಲ್ಲ ತಟ್ಟೆ ತಳ್ಳಿಕೊಂಡು ಹೋದ. ಬೂಂದಿ ಮಂಚದ ಕೆಳಗೆ ನುಗ್ಗಿದಳು. ಇವನೂ ಹೊಟ್ಟೆಯ ಮೇಲೆ ತೆವಳಿ ಅರ್ಧ ಒಳಗೆ ಹೋದ. ಅವಳು ಗೋಡೆಗೆ ಮುಖ ಮಾಡಿ ಕೂತಳು. ಜಪ್ಪಯ್ಯ ಅಂದರೂ ತಿರುಗಲಿಲ್ಲ. ಶುಕ್ರವಾರ ಹೀಗೆ ಹೋಯಿತು, ಶನಿವಾರವೂ ಹೋಯಿತು. ಅವಳಿಗಾಗಿ ಮಾಡಿದ್ದನ್ನೆಲ್ಲ ಬೀದಿಯ ನಾಯಿಗಳು ತಿಂದು ದುಂಡಗಾದವು.

ಭಾನುವಾರ ಮಧ್ಯಾಹ್ನ ಅವನಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಮೀನಿನ ತಟ್ಟೆಯನ್ನು ಕಿಟಕಿಯ ಕೆಳಗಿಟ್ಟು, ಈ ಮುಖ ನೋಡುತ್ತಾ ಕೂತರೆ ಹುಚ್ಚು ಹಿಡಿಯುತ್ತದೆ ಎನ್ನಿಸಿ ಅಟ್ಟದಿಂದ ಮಣೆ ಇಳಿಸಿದ. ಗೋಡೆಯ ಕಡೆ ಮುಖ ಮಾಡಿ ಕವಡೆ ಹಾಕತೊಡಗಿದ. ಬೇಸರಕ್ಕೆ ಶುರುವಾದ ಆಟ, ನೀಲಿಯವನು ಹಳದಿಯ ಎರಡು ಕಾಯಿ ಕಡಿದು ಮೆರೆಯತೊಡಗಿದ ಮೇಲೆ ಬಿಸಿಯೇರಿತು. ಎಷ್ಟು ಹೊತ್ತಾಯಿತೋ, ಹಳದಿಯ ನಾಲ್ಕನೇ ಕಾಯಿ ನಡುಮನೆ ಸೇರಿ ಹಣ್ಣಾದಾಗಲೇ ಅವನಿಗೆ ಮೈಮೇಲೆ ಎಚ್ಚರ ಬಂದದ್ದು. ತಿರುಗಿ ನೋಡಿದರೆ ತಟ್ಟೆಯ ಅಂಚಿನಲ್ಲಿ ಬೆರಳಗಲ ಮೀನು ಇರಲಿಲ್ಲ. ಬೂಂದಿ ದೂರದಲ್ಲಿ ಮಲಗಿದ್ದಳು.

ಕೂಡಲೇ ತಂಗಿಗೆ ಫೋನ್ ಮಾಡಿದ.

"ಲತಾ, ತಿಂದಿದಾಳೆ ಕಣೇ. ಇಲ್ಲಾ ಇರುವೆ ಗಿರುವೆ ಎಳ್ಕೊಂಡು ಹೋಯ್ತೋ ಗೊತ್ತಿಲ್ಲ."

"ಅಷ್ಟು ಮೀನು ಹೊರೋಕೆ ಎಂಥ ಇರುವೆ ಅಣ್ಣ ಅದು? ನೀನು ಎಲ್ಲಿದ್ದೆ?"

"ಇಲ್ಲೇ. ಆಡ್ತಾ ಕೂತಿದ್ದೆ, ನೋಡಲಿಲ್ಲ."

"ನೋಡಲಿಲ್ವಲ್ಲ, ಅದಕ್ಕೇ ತಿಂದಿರೋದು. ಬೇಜಾರು ಮಾಡ್ಕೋಬೇಡ ಅಣ್ಣ, ನಂಗೆ ಜಾಂಡೀಸ್ ಆದಾಗ ನೀನು ಗಂಜಿ ಲೋಟ ಹಿಡ್ಕೊಂಡು ಬಾಯಿ ಮುಂದೆ ಕೂರ್ತಿದ್ದೆ. ನೀನು ಎದ್ದು ಹೋಗಲಿ ಅಂತ ದೇವರಿಗೆ ಕೈ ಮುಗೀತಿದ್ದೆ. ನೀನು ಹೋದ ಮೇಲೆ ಕುಡೀತಿದ್ದೆ. ಕಾಯಿಲೆಯವರಿಗೆ ಯಾರಾದ್ರೂ ಬಾಯಿ ನೋಡ್ತಾ ಇದ್ರೆ ಗಂಟಲಲ್ಲಿ ಇಳಿಯಲ್ಲ ಕಣೋ."

ಫೋನಿಟ್ಟ ಮೇಲೆ ಕಾಂತರಾಜುವಿಗೆ ಅವಮಾನವೂ ಆಯಿತು, ಸಂತೋಷವೂ ಆಯಿತು. ನೋಡದಿದ್ದರೆ ತಿನ್ನುತ್ತಾಳೆ, ಅಷ್ಟೇ ಅಲ್ಲವೇ? ಸಂಜೆಗೆ ಹೊಸ ತಟ್ಟೆ ಇಟ್ಟು, ಬೆನ್ನು ಹಾಕಿ ಕೂತು, ಕವಡೆ ಕುಲುಕಿದ. ಆದರೆ ಕೂತದ್ದು ಬೀರುವಿನ ಕನ್ನಡಿಗೆ ಎದುರಾಗಿ. ಕಳ್ಳಗಣ್ಣಿನಲ್ಲಿ ಕನ್ನಡಿ ನೋಡಿದರೆ, ಕನ್ನಡಿಯೊಳಗಿಂದ ಬೂಂದಿ ಇವನನ್ನೇ ನೋಡುತ್ತಿದ್ದಳು. ತಟ್ಟೆ ಹಾಗೇ ಉಳಿಯಿತು. ಕನ್ನಡಿಗೆ ಪಂಚೆ ಹೊದಿಸಿ ಮತ್ತೆ ಆಡಿದ. ಈಗ ಕಣ್ಣಿನ ಬದಲು ಕಿವಿಯೆಲ್ಲ ಬೆನ್ನಿಗೆ ಹೋಯಿತು. ಕವಡೆ ಹಾಕುತ್ತಾನೆ, ತಡೆದು ಆಲಿಸುತ್ತಾನೆ, ಯಾರ ಸರದಿ ಎಂಬುದೇ ಮರೆಯುತ್ತದೆ. ಬೆನ್ನು ನೋಡಿಯೇ ಅವಳಿಗೆ ಗೊತ್ತಾಗುತ್ತಿತ್ತೋ ಏನೋ, ಜಾಗ ಬಿಟ್ಟು ಏಳಲಿಲ್ಲ.

ಆಟದಲ್ಲಿ ಮನಸ್ಸು ನಿಲ್ಲಲೆಂದು ಒಂದು ಪಣ ಕಟ್ಟಿದ. ಹಳದಿ ಗೆದ್ದರೆ ಬೂಂದಿ ಉಳಿದಂತೆ. ಕಟ್ಟಿದ್ದೇ ತಪ್ಪಾಯಿತು. ಹಳದಿಗೆ ನಾಲ್ಕು ಬೇಕಾಗಿತ್ತು, ಬಿದ್ದದ್ದು ಮೂರು. ಓರೆಯಾಗಿ ಬಿದ್ದಿದ್ದ ಒಂದು ಕವಡೆಯನ್ನು ಅವನ ಬೆರಳೇ ಮೆಲ್ಲಗೆ ಮಗುಚಿ ನಾಲ್ಕರ ಚೌಕ ಮಾಡಿತು. ಮಾಡಿದ ಮೇಲೆ ಅವನಿಗೆ ಜೀವವೇ ಬೇಡವೆನ್ನಿಸಿತು. ಇಷ್ಟು ವರ್ಷದಲ್ಲಿ ಯಾರೂ ನೋಡದ ಆಟದಲ್ಲೂ ಅವನು ಮೋಸ ಮಾಡಿದವನಲ್ಲ. ಕಾಯಿಗಳನ್ನೆಲ್ಲ ಕಲಸಿ ಎದ್ದುಬಿಟ್ಟ.

ಸೋಮವಾರ ಬೆಳಕು ಹರಿಯಿತು. ಬುಟ್ಟಿಗೆ ಒಗೆದ ಟವೆಲ್ ಹಾಸಿ ಬಾಗಿಲ ಬಳಿ ಇಟ್ಟ. ಅಭ್ಯಾಸಬಲದಿಂದ ಒಂದು ಚಮಚ ಈಲಿ ಹಿಸುಕಿ ಕಿಟಕಿಯ ಕೆಳಗಿಟ್ಟ. ಆಸೆ ಇಟ್ಟುಕೊಂಡು ಇಟ್ಟದ್ದಲ್ಲ. ಆಟೋ ಕರೆಯಲು ಇನ್ನೂ ಹೊತ್ತಿತ್ತು. ಆ ಹೊತ್ತನ್ನು ಹೇಗೆ ಕಳೆಯಬೇಕೆಂದು ತಿಳಿಯದೆ ಮಣೆಯ ಮುಂದೆ ಕೂತ. ಪಣವಿಲ್ಲ, ಕನ್ನಡಿಯಿಲ್ಲ. ನಿನ್ನೆಯ ಆ ಬೆರಳಗಲ ಮೀನು ಬಿಟ್ಟರೆ ಅವಳು ಏನೂ ಮುಟ್ಟಿರಲಿಲ್ಲ, ಅದನ್ನೂ ಅವಳೇ ತಿಂದಳೆಂದು ಡಾಕ್ಟರಿಗೆ ಹೇಳುವ ಧೈರ್ಯ ಅವನಿಗೆ ಉಳಿದಿರಲಿಲ್ಲ. ಇಂದು ಅವಳನ್ನು ಕಳಿಸಿಬರುವುದು ಎಂದು ಒಳಗೊಳಗೇ ಒಪ್ಪಿಕೊಂಡಿದ್ದ.

ಆಟ ಸಾಗಿತು. ಮೂವರೂ ಒಳಮನೆ ಸೇರಿ ಕಾಯಿ ಹಣ್ಣು ಮಾಡಿಕೊಳ್ಳುತ್ತಿದ್ದರು. ಕೆಂಪಿನವನೊಬ್ಬ ಇನ್ನೂ ಹೊರಗೇ ಸುತ್ತುತ್ತಿದ್ದ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಗೆ ಬಿಡುವಂತಿಲ್ಲ, ಕಡಿಯಲು ಅವನಿಗೆ ಕವಡೆ ಬೀಳದು. ಎರಡು ಬೇಕಾದರೆ ಮೂರು ಬೀಳುತ್ತದೆ, ಮೂರು ಬೇಕಾದರೆ ಒಂದು. ನೋಡನೋಡುತ್ತಾ ಕಾಂತರಾಜುವಿಗೆ ನಿಜವಾಗಿ ರೇಗಿತು. "ಥೂ, ನಿನ್ ಹಣೆಬರಹಕ್ಕಿಷ್ಟು" ಎಂದು ಗೊಣಗಿದ. ಮುಂದಕ್ಕೆ ಬಾಗಿ ಲೆಕ್ಕ ಹಾಕಿದ. ನೀಲಿಯ ಕೊನೇ ಕಾಯಿ ಕಟ್ಟೆ ಬಿಟ್ಟು ಹೊರಬಿದ್ದಿತ್ತು, ಕೆಂಪಿನವನಿಂದ ಸರಿಯಾಗಿ ಮೂರು ಮನೆ ದೂರ. ಈ ಕೈ ತಪ್ಪಿದರೆ ಇನ್ನು ಸಿಗುವುದಿಲ್ಲ. ಅವನಿಗೆ ಆ ಗಳಿಗೆ ಡಾಕ್ಟರೂ ನೆನಪಿರಲಿಲ್ಲ, ಬೂಂದಿಯೂ ನೆನಪಿರಲಿಲ್ಲ. ಕವಡೆಗಳನ್ನು ಎರಡು ಕೈಯಲ್ಲೂ ಮುಚ್ಚಿ ಕುಲುಕತೊಡಗಿದ.

ಆಗ ಬೆನ್ನ ಹಿಂದೆ ಚಪ್ ಚಪ್ ಎಂದು ನಾಲಿಗೆಯ ಸದ್ದು ಕೇಳಿತು.

ಕುಲುಕುತ್ತಿದ್ದ ಕೈ ತಡೆಯಿತು. ಹಿಂದೆ ಆ ಸದ್ದೂ ತಡೆಯಿತು. ಕಾಂತರಾಜು ಮೆಲ್ಲಗೆ ಮತ್ತೆ ಕವಡೆ ಕುಲುಕಿದ. ಸ್ವಲ್ಪ ಹೊತ್ತಿಗೆ ಚಪ್ ಚಪ್ ಮತ್ತೆ ಶುರುವಾಯಿತು. ಎಷ್ಟು ತಿಂದಳು, ಇನ್ನೆಷ್ಟು ಇದೆ, ಇನ್ನೊಂದು ಚೂರು ಹಾಕಲೇ ಎಂದು ಅವನ ಮೈಯೆಲ್ಲ ಹಿಂದಕ್ಕೆ ತಿರುಗಲು ಹಾತೊರೆಯಿತು. ಬಾಯಿಯವರೆಗೆ ಬಂದ "ನಿಧಾನಕ್ಕೆ" ಎಂಬ ಮಾತನ್ನು ನುಂಗಿಕೊಂಡ. ತಿರುಗಲಿಲ್ಲ. ಪ್ರೀತಿಯಿಂದ ಮಾಡಿದ ಕೆಲಸಗಳಲ್ಲಿ ಇಷ್ಟು ಕಷ್ಟದ್ದನ್ನು ಅವನು ಹಿಂದೆಂದೂ ಮಾಡಿರಲಿಲ್ಲ.

ಕವಡೆ ಹಾಕಿದ. ಕಣ್ಣಲ್ಲಿ ನೀರು ತುಂಬಿಕೊಂಡು ಮಣೆಯೆಲ್ಲ ಮಸುಕಾಗಿತ್ತು, ಎಷ್ಟು ಬಿದ್ದಿದೆ ಕಾಣಲಿಲ್ಲ. ಕಣ್ಣೊರೆಸಲು ಕೈ ಎತ್ತಿದರೆ ಅವಳು ಬೆದರಿಯಾಳೆಂದು ಎತ್ತಲಿಲ್ಲ. ಬೆರಳ ತುದಿಯಿಂದ ಒಂದೊಂದೇ ಕವಡೆಯ ಬೆನ್ನು ಯಾವುದು, ಬಾಯಿ ಯಾವುದು ಎಂದು ಸವರಿ ನೋಡಿದ. ಎರಡು. ಕೆಂಪಿನವನಿಗೆ ಬೇಕಾದದ್ದು ಮೂರು. ಎರಡೇ ಮನೆ ನಡೆಸಿ, ಮುಂದಿನವನ ಸರದಿಗೆ ಕವಡೆ ಎತ್ತಿಕೊಂಡ. ಹಿಂದೆ ತಟ್ಟೆ ಗಾರೆಯ ಮೇಲೆ ಒಂದಿಷ್ಟು ಸರಿದ ಸದ್ದಾಯಿತು, ಅವಳು ಇನ್ನೂ ತಿನ್ನುತ್ತಲೇ ಇದ್ದಳು.